ಬಾಟಲಿ ತುಂಬಿತ್ತು, ರೇಡಿಯೇಟರ್ ಬರಿದಾಗಿತ್ತು

ಹೆಂಚಿನ ಮನೆಯಲ್ಲಿ ಮಳೆಗಾಲ ಕಳೆದವರಿಗೆ ಒಂದು ಸಂಗತಿ ಚೆನ್ನಾಗಿ ಗೊತ್ತು. ಹನಿ ಬೀಳುವ ಜಾಗದ ನೆತ್ತಿಯ ಮೇಲೆಯೇ ಹೆಂಚು ಒಡೆದಿರುವುದಿಲ್ಲ. ಎಲ್ಲೋ ಮೇಲೆ ಒಂದು ಹೆಂಚು ಸರಿದಿರುತ್ತದೆ. ನೀರು ರೀಪು ಹಿಡಿದು, ಪಕಾಸಿಯ ಮೈಗುಂಟ ಇಳಿದು, ಗಂಟು ಸಿಕ್ಕಲ್ಲಿ ಒಂದು ಕ್ಷಣ ನಿಂತು, ಅಲ್ಲಿಂದ ಅಡುಗೆಮನೆಯ ಹಿಟ್ಟಿನ ಡಬ್ಬಿಯ ಮೇಲೆ ತೊಟ್ಟಿಕ್ಕುತ್ತದೆ. ಹನಿ ಬೀಳುವಲ್ಲಿ ಪಾತ್ರೆ ಇಡುವುದು ಆ ರಾತ್ರಿಯ ಮಟ್ಟಿಗೆ ಸರಿ. ಹೆಂಚು ಸರಿಪಡಿಸುವವನು ಮಾತ್ರ ಪಾತ್ರೆಯನ್ನು ನೋಡುತ್ತ ಕೂರುವುದಿಲ್ಲ. ಏಣಿ ಹಾಕಿ ಮೇಲೆ ಹತ್ತುತ್ತಾನೆ.

ಹಳೆಯ ಕಾರಿನ ಕೂಲೆಂಟ್ ಸೋರಿಕೆಯೂ ಇದೇ ಜಾತಿಯದು. ಒಂದು ವ್ಯತ್ಯಾಸವಿದೆ. ಮನೆಯ ಮಾಡು ಸೋರಿದರೆ ನೆಲ ಒದ್ದೆಯಾಗಿ ಕಣ್ಣಿಗೆ ಕಾಣುತ್ತದೆ. ಕಾರಿನಲ್ಲಿ ಸೋರಿದ ನೀರು ಬಿಸಿ ಲೋಹದ ಮೇಲೆ ಬಿದ್ದು ಹಬೆಯಾಗಿ ಹೋಗಬಹುದು, ಓಡುವಾಗ ರಸ್ತೆಯ ಮೇಲೆ ಬೀಳಬಹುದು, ಇಲ್ಲವೇ ಎಂಜಿನ್ನಿನ ಒಳಕ್ಕೇ ಇಳಿದು ಹೊಗೆಯ ಜೊತೆ ಹೊರಬೀಳಬಹುದು. ಮನೆಯ ಮುಂದಿನ ಸಿಮೆಂಟು ನೆಲ ಒಣಗಿಯೇ ಇರುತ್ತದೆ. ನೀರು ಮಾತ್ರ ಕಡಿಮೆಯಾಗುತ್ತಿರುತ್ತದೆ.

ಶಿರಸಿಯ ಹೈಸ್ಕೂಲಿನಲ್ಲಿ ಗಣಿತ ಕಲಿಸುವ ಮಾಸ್ತರರೊಬ್ಬರ ಮನೆಯಲ್ಲಿ 2023ರ ಕೊನೆಯಲ್ಲಿ ಆದದ್ದು ಇದೇ. ಅವರದು 1999ರ ಮಾರುತಿ 800. ಕೆಎ 31ರ ನೋಂದಣಿ. 1983ರ ಡಿಸೆಂಬರಿನಲ್ಲಿ ಮೊದಲ ಬಾರಿ ಗಿರಾಕಿಯ ಕೈ ಸೇರಿ, 2014ರ ಜನವರಿಯಲ್ಲಿ ತಯಾರಿಕೆ ನಿಲ್ಲುವವರೆಗೆ ಈ 796 ಸಿ.ಸಿ.ಯ ಪುಟ್ಟ ಕಾರು ಎಷ್ಟೋ ಮಧ್ಯಮವರ್ಗದ ಮನೆಗಳಿಗೆ ಬಂದ ಮೊಟ್ಟಮೊದಲ ಕಾರು. ಮಾಸ್ತರರ ಕಾರೂ ಅವರ ತಂದೆ ಅಡಿಕೆ ಮಾರಿದ ಹಣದಲ್ಲಿ ಕೊಂಡದ್ದು. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಐದೈದು ವರ್ಷಕ್ಕೆ ಪರೀಕ್ಷೆ ಮಾಡಿಸಿ ನವೀಕರಿಸಬೇಕು. 2014ರಲ್ಲಿ ಒಮ್ಮೆ, 2019ರಲ್ಲಿ ಒಮ್ಮೆ ಆ ಕೆಲಸ ಆಗಿತ್ತು. 2024ಕ್ಕೆ ಮೂರನೆಯ ಸರದಿ. ಇಟ್ಟುಕೊಳ್ಳುವುದೋ, ಗುಜರಿಗೆ ಕೊಡುವುದೋ ಎಂಬ ಮಾತು ಮನೆಯಲ್ಲಿ ಆಗಲೇ ಎದ್ದಿತ್ತು.

ಆದರೆ ಕಾರು ಬೇಕಿತ್ತು. ಮಾಸ್ತರರ ತಾಯಿ ಕುಮಟೆಯ ಹತ್ತಿರದ ಹಳ್ಳಿಯಲ್ಲಿ ಒಬ್ಬರೇ ಇದ್ದರು. ಶಿರಸಿಯಿಂದ ಕುಮಟೆಗೆ ದೇವಿಮನೆ ಘಟ್ಟ ಇಳಿದು ಸುಮಾರು 60 ಕಿಲೋಮೀಟರ್. ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಹೋಗಿ, ಔಷಧಿ, ದಿನಸಿ ಕೊಟ್ಟು, ರಾತ್ರಿಗೆ ಮರಳುವುದು ವಾರದ ಕ್ರಮ.

ಎಂಜಿನ್ನಿಗೆ ನೀರು ಯಾಕೆ ಬೇಕು ಎಂಬುದನ್ನು ಒಮ್ಮೆ ನೋಡಿಕೊಳ್ಳುವುದು ಒಳ್ಳೆಯದು. ಪೆಟ್ರೋಲು ಉರಿಯುವಾಗ ಸಿಲಿಂಡರಿನ ಒಳಗಿನ ಅನಿಲದ ಬಿಸಿ 2000 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಅದರ ಮೇಲೆ ಮುಚ್ಚಳದಂತೆ ಕುಳಿತಿರುವ ಸಿಲಿಂಡರ್ ಹೆಡ್ ಅಲ್ಯೂಮಿನಿಯಂನದು. ಅಲ್ಯೂಮಿನಿಯಂ 660 ಡಿಗ್ರಿಗೇ ಕರಗುವ ಲೋಹ. ಇವೆರಡರ ನಡುವೆ ಎಂಜಿನ್ನನ್ನು ಉಳಿಸುವುದು ಅದರ ಮೈಯೊಳಗಿನ ಕಾಲುವೆಗಳಲ್ಲಿ ಸುತ್ತುವ ನೀರು. ಪೆಟ್ರೋಲಿನ ಶಕ್ತಿಯಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಒಂದು ಪಾಲು ಈ ನೀರಿನ ಮೂಲಕ ರೇಡಿಯೇಟರಿಗೆ ಬಂದು ಗಾಳಿಗೆ ಸೇರುತ್ತದೆ. ನೀರನ್ನು ತಳ್ಳಲು ಒಂದು ಪಂಪು. ಎಂಜಿನ್ ಬೇಗ ಬಿಸಿಯಾಗಲಿ ಎಂದು, ಸಾಮಾನ್ಯವಾಗಿ 80 ಡಿಗ್ರಿ ದಾಟುವವರೆಗೆ ರೇಡಿಯೇಟರಿನ ದಾರಿಯನ್ನು ಮುಚ್ಚಿಡುವ ಥರ್ಮೋಸ್ಟಾಟ್ ಎಂಬ ಬಾಗಿಲು ಒಂದು.

ರೇಡಿಯೇಟರಿನ ಕ್ಯಾಪ್ ಬರಿಯ ಮುಚ್ಚಳವಲ್ಲ. ಅಡುಗೆಮನೆಯ ಕುಕ್ಕರಿಗೆ ವೆಯ್ಟ್ ಇದ್ದ ಹಾಗೆ. ಶಿರಸಿ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ. ಅಲ್ಲಿ ತೆರೆದ ಪಾತ್ರೆಯ ನೀರು 98 ಡಿಗ್ರಿಗೇ ಕುದಿಯುತ್ತದೆ. ಕ್ಯಾಪಿನ ಸ್ಪ್ರಿಂಗು ಒತ್ತಡವನ್ನು ಹಿಡಿದಿಡುವುದರಿಂದ ರೇಡಿಯೇಟರಿನೊಳಗಿನ ನೀರು 115 ಡಿಗ್ರಿಯಾಚೆಗೂ ಕುದಿಯದೆ ತಡೆದುಕೊಳ್ಳುತ್ತದೆ. ಬಿಸಿ ಎಂಜಿನ್ನಿನ ಕ್ಯಾಪ್ ತಿರುಗಿಸಬಾರದು ಎನ್ನುವುದು ಇದಕ್ಕೇ. ತೆಗೆದೊಡನೆ ಒತ್ತಡ ಇಳಿಯುತ್ತದೆ, ಅಷ್ಟೂ ನೀರು ಒಮ್ಮೆಲೇ ಕುದ್ದು ಮುಖಕ್ಕೆ ಎರಚುತ್ತದೆ.

ಕ್ಯಾಪಿಗೆ ಇನ್ನೊಂದು ಕೆಲಸವೂ ಇದೆ. ಬಿಸಿಯಾದ ನೀರು ಹಿಗ್ಗಿ ಹೆಚ್ಚಾದದ್ದು ಕ್ಯಾಪಿನ ಮೂಲಕ ಪಕ್ಕದ ಪ್ಲಾಸ್ಟಿಕ್ ಬಾಟಲಿಗೆ ಹೋಗುತ್ತದೆ. ಎಂಜಿನ್ ತಣಿದಾಗ ಒಳಗಿನ ನೀರು ಕುಗ್ಗುತ್ತದೆ. ಆಗ ಹುಟ್ಟುವ ಸೆಳೆತಕ್ಕೆ ಬಾಟಲಿಯ ನೀರು ಮತ್ತೆ ರೇಡಿಯೇಟರಿಗೆ ಬರುತ್ತದೆ. ಹೊರಗೆ ಹೋದದ್ದು ಒಳಗೆ ಬರಲೇಬೇಕು ಎಂಬ ನಂಬಿಕೆಯಿಂದಲೇ ಕಾರಿನವರೆಲ್ಲ ಬಾಟಲಿಯ ಗೆರೆ ನೋಡಿ ಸಮಾಧಾನಪಡುವುದು.

2023ರ ನವೆಂಬರಿನ ಒಂದು ಶನಿವಾರ ಆ ನಂಬಿಕೆ ಕೈಕೊಟ್ಟಿತು. ಅಜ್ಜಿಗೆ ಜ್ವರ ಬಿಟ್ಟಿರಲಿಲ್ಲ. ಶಿರಸಿಯ ಡಾಕ್ಟರಿಗೆ ತೋರಿಸೋಣವೆಂದು ಕೂರಿಸಿಕೊಂಡು ಹೊರಟಾಗ ಸಂಜೆ ಏಳು. ದೇವಿಮನೆ ಘಟ್ಟದ ನಡುವೆ ಬಿಸಿಯ ಮುಳ್ಳು ಮೇಲೆ ಹೋಗತೊಡಗಿತು. ಅದಾದ ಮೇಲೆ ನಡೆದದ್ದು ವಿಚಿತ್ರ: ಮುಳ್ಳು ತಾನಾಗಿ ಕೆಳಗೆ ಇಳಿಯಿತು. ಮಾಸ್ತರರು ಉಸಿರು ಬಿಟ್ಟರು. ಎರಡು ತಿರುವು ಕಳೆಯುವಷ್ಟರಲ್ಲಿ ಬಾನೆಟ್ಟಿನ ಸಂದಿಯಿಂದ ಹಬೆ ಬಂತು. ನೀರಿನ ಮಟ್ಟ ತೀರ ಇಳಿದಾಗ ಬಿಸಿ ಅಳೆಯುವ ಸೆನ್ಸರ್ ನೀರಿನಿಂದ ಹೊರಗುಳಿಯುತ್ತದೆ. ಆಗ ಮುಳ್ಳು ಸುಳ್ಳು ಹೇಳುವುದುಂಟು.

ಕಾಡಿನ ಕತ್ತಲೆಯಲ್ಲಿ ಕಾರು ನಿಂತಿತು. ಫೋನಿಗೆ ಸಿಗ್ನಲ್ ಇರಲಿಲ್ಲ. ಪಿಯುಸಿ ಮೊದಲ ವರ್ಷದಲ್ಲಿದ್ದ ಮಗಳು ಟಾರ್ಚು ಹಿಡಿದಳು. ಬಾಟಲಿಯಲ್ಲಿ ನೀರು ಮೇಲಿನ ಗೆರೆಯವರೆಗೆ ಇತ್ತು. "ಅಪ್ಪಯ್ಯಾ, ನೀರು ತುಂಬೇ ಇದೆಯಲ್ಲ!" ಎಂದಳು. ಮುಕ್ಕಾಲು ಗಂಟೆ ಕಾದು, ಕ್ಯಾಪಿನ ಮೇಲೆ ಕೈಯಿಟ್ಟು ತಣ್ಣಗಾಗಿದೆ ಎಂದು ಖಾತ್ರಿಯಾದ ಮೇಲೆ, ಬಟ್ಟೆ ಹಾಕಿ ತೆಗೆದರೆ ರೇಡಿಯೇಟರಿನಲ್ಲಿ ತಳ ಕಾಣುತ್ತಿತ್ತು. ಕುಡಿಯಲು ತಂದ ಒಂದೂವರೆ ಲೀಟರ್ ನೀರನ್ನು ಅದು ಗಟಗಟನೆ ಕುಡಿಯಿತು. ಹಿಂದಿನ ಸೀಟಿನಲ್ಲಿ ಅಜ್ಜಿ ಶಾಲು ಹೊದ್ದು ನಡುಗುತ್ತ ಕೂತಿದ್ದರು. ಮನೆ ಮುಟ್ಟಿದಾಗ ಹತ್ತೂವರೆ.

ಪುಣ್ಯಕ್ಕೆ ಹೆಡ್ ಬಾಗಿರಲಿಲ್ಲ. ಬಾಗಿದ್ದರೆ ಅದನ್ನು ಬಿಚ್ಚಿ, ಮಟ್ಟ ಮಾಡಿಸಿ, ಹೊಸ ಗ್ಯಾಸ್ಕೆಟ್ ಕೂರಿಸುವ ಖರ್ಚಿನ ಮುಂದೆ ಆ ವಯಸ್ಸಿನ ಕಾರಿಗೆ ಸಿಗುವ ಬೆಲೆ ಏನೇನೂ ಅಲ್ಲ.

ಆಮೇಲಿನ ಐದು ವಾರ ಉಪಚಾರಗಳ ಕಾಲ. ಒಬ್ಬರು ಕ್ಯಾಪ್ ಬದಲಿಸಿದರು. ಹಳೆಯ ರಬ್ಬರು ಬಿರುಕು ಬಿಟ್ಟಿತ್ತು ನಿಜ, ಆದರೆ ನೀರು ಇಳಿಯುವುದು ನಿಲ್ಲಲಿಲ್ಲ. ಇನ್ನೊಬ್ಬರು ರೇಡಿಯೇಟರನ್ನೇ ಬಿಚ್ಚಿ ಬೆಸುಗೆ ಹಾಕಿಸಿ ತಂದರು. ಮೂರನೆಯವರು ಸೋರಿಕೆ ನಿಲ್ಲಿಸುವ ಪುಡಿ ಸುರಿದರು. ಬಸ್ಸು ಓಡಿಸುವ ನೆರೆಮನೆಯವರು ಒಂದು ಚಮಚೆ ಅರಿಶಿನ ಸಾಕು ಎಂದರು. ಲಾರಿಯವರು ತಲೆಮಾರುಗಳಿಂದ ಬಳಸುತ್ತ ಬಂದ ಉಪಾಯವದು; ಅರಿಶಿನದ ಕಣಗಳು ಸಣ್ಣ ತೂತಿನಲ್ಲಿ ಸಿಕ್ಕಿಕೊಂಡು ಊರು ಮುಟ್ಟಿಸುತ್ತವೆ. ಊರು ಮುಟ್ಟಿದ ಮೇಲೆ ಅದೇ ಕಣಗಳು ರೇಡಿಯೇಟರಿನ ಸಣ್ಣ ನಳಿಗೆಗಳಲ್ಲೂ ಸಿಕ್ಕಿಕೊಂಡು ನೀರಿನ ಹರಿವನ್ನು ಕಟ್ಟುತ್ತವೆ. ಪುಡಿಗೆ ತೂತು ಯಾವುದು, ದಾರಿ ಯಾವುದು ಎಂಬ ಭೇದ ತಿಳಿಯುವುದಿಲ್ಲ. ನಾಲ್ಕನೆಯವರು ಹೆಡ್ ಗ್ಯಾಸ್ಕೆಟ್ ಹೋಗಿದೆ, ಎಂಜಿನ್ ಇಳಿಸಬೇಕು ಎಂದುಬಿಟ್ಟರು.

ಅದೇ ದಿನಗಳಲ್ಲಿ ಮನೆಯಲ್ಲಿ ಇನ್ನೊಂದು ಉಪಚಾರವೂ ನಡೆದಿತ್ತು. ಕನ್ನಡ ಮಾಧ್ಯಮದಲ್ಲಿ ಓದಿ ಎಸ್ಸೆಸ್ಸೆಲ್ಸಿಯಲ್ಲಿ ವಿಜ್ಞಾನಕ್ಕೆ 96 ಅಂಕ ತಂದಿದ್ದ ಮಗಳು, ಪಿಯುಸಿಯ ಮಧ್ಯಾವಧಿ ಪರೀಕ್ಷೆಯಲ್ಲಿ ಭೌತಶಾಸ್ತ್ರ ಪಾಸಾಗಿದ್ದು ಕೂದಲೆಳೆಯಲ್ಲಿ. ಮಾಸ್ತರರು ಬೆಳಗ್ಗೆ ಒಂದು ಟ್ಯೂಷನ್ ಹಾಕಿದರು. ಡಿಸೆಂಬರಿನಲ್ಲಿ ಸಂಜೆ ಇನ್ನೊಂದು. ಹುಡುಗಿ ಐದಕ್ಕೆ ಏಳುತ್ತಿದ್ದಳು, ಹನ್ನೊಂದಕ್ಕೆ ಮಲಗುತ್ತಿದ್ದಳು. ಮಾತು ಕಡಿಮೆಯಾಯಿತು. ಮೂರನೆಯದಾಗಿ ಮೊಬೈಲಿನಲ್ಲಿ ನೋಡುವ ಪಾಠವೊಂದಕ್ಕೆ ಹಣ ಕಟ್ಟುವ ಯೋಚನೆ ನಡೆದಿತ್ತು.

ಕ್ರಿಸ್‌ಮಸ್ ವೇಳೆಗೆ ಕಾರನ್ನು ಐದನೆಯ ಮಿಸ್ತ್ರಿಯೊಬ್ಬರ ಹತ್ತಿರ ಒಯ್ದರು. ವಯಸ್ಸಾದವರು, ತಗಡಿನ ಶೆಡ್ಡು, ಒಬ್ಬ ಹುಡುಗ ಸಹಾಯಕ. ಅವರು ಸ್ಪಾನರ್ ಮುಟ್ಟಲಿಲ್ಲ. ಮೊದಲು ಪ್ರಶ್ನೆ ಕೇಳಿದರು. ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಸೈಲೆನ್ಸರಿನಲ್ಲಿ ಬಿಳಿ ಹೊಗೆ ಬಹಳ ಹೊತ್ತು ಬರುತ್ತದೆಯೇ? ಇಲ್ಲ. ಎಂಜಿನ್ ಆಯಿಲು ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದೆಯೇ? ಕಡ್ಡಿ ಎಳೆದು ನೋಡಿದರು, ಇಲ್ಲ. ಎಂಜಿನ್ ಓಡುವಾಗ ರೇಡಿಯೇಟರಿನಲ್ಲಿ ಎಡೆಬಿಡದೆ ಗುಳ್ಳೆ ಏಳುತ್ತವೆಯೇ? ಅದೂ ಇಲ್ಲ. "ಹೆಡ್ಡಿಗೆ ಈಗಲೇ ಕೈ ಹಾಕುವುದು ಬೇಡ ಮಾಸ್ತರೇ" ಎಂದರು. ಪಂಪಿನ ಕೆಳಗೆ ಒಂದು ಸಣ್ಣ ತೂತು ಇರುತ್ತದೆ. ಒಳಗಿನ ಸೀಲು ಸವೆದರೆ ಮೊದಲ ಹನಿ ಅಲ್ಲಿಂದಲೇ ಬರಲಿ ಎಂದು ಮಾಡಿದ್ದು. ಕನ್ನಡಿ ಹಿಡಿದು ನೋಡಿದರು. ಒಣಗಿತ್ತು.

ಆಮೇಲೆ ಕ್ಯಾಪಿನ ಜಾಗಕ್ಕೆ ಒಂದು ಕೈಪಂಪು ತಿರುಗಿಸಿ ಕೂರಿಸಿದರು, ಅದಕ್ಕೊಂದು ಮೀಟರು. ಎಂಜಿನ್ ಓಡಿಸದೆಯೇ ಒಳಗೆ ಒತ್ತಡ ಕೊಟ್ಟು ನೋಡುವ ಸಾಧನ. ಸೋರಿಕೆ ಇದ್ದರೆ ಮುಳ್ಳು ಇಳಿಯಬೇಕು. ಹತ್ತು ನಿಮಿಷ ಕಾದರು, ಮುಳ್ಳು ಅಲುಗಲಿಲ್ಲ. ಮಿಸ್ತ್ರಿ ತಲೆ ಕೆರೆದುಕೊಂಡರು. "ಈಗ ಸೋರುತ್ತಿಲ್ಲ. ಯಾವಾಗ ಸೋರುತ್ತದೆ ಎಂದು ನೀವೇ ನೋಡಿ ಹೇಳಬೇಕು" ಎಂದರು.

ಎಲ್ಲರೂ ಅದುವರೆಗೆ ಕೇಳಿದ್ದು "ಎಲ್ಲಿ" ಎಂದು. "ಯಾವಾಗ" ಎಂದು ಕೇಳಿದವರು ಇವರೊಬ್ಬರೇ.

ಲೆಕ್ಕ ಬರೆಯುವ ಕೆಲಸ ಮಗಳ ಪಾಲಿಗೆ ಬಂತು. ಐದಕ್ಕೆ ಏಳುವವಳು ಅವಳೇ ತಾನೇ. ಹಳೆಯ ನೋಟುಬುಕ್ಕಿನ ಕೊನೆಯ ಹಾಳೆಗಳಲ್ಲಿ ಗೆರೆ ಹಾಕಿದಳು. ಪ್ರತಿದಿನ ಬೆಳಗ್ಗೆ, ಕಾರು ತಣ್ಣಗಿರುವಾಗ ಕ್ಯಾಪ್ ತೆಗೆದು, ಔಷಧಿಯ ಅಳತೆ ಲೋಟದಲ್ಲಿ ನೀರು ಹಾಕಿ, ಕಂಠದವರೆಗೆ ತುಂಬಲು ಎಷ್ಟು ಹಿಡಿಯಿತು ಎಂದು ಬರೆಯುವುದು. ಪಕ್ಕದಲ್ಲಿ ಹಿಂದಿನ ದಿನ ಕಾರು ಓಡಿದ ಕಿಲೋಮೀಟರ್. ಬಾಟಲಿಯ ಮಟ್ಟಕ್ಕೆ ಇನ್ನೊಂದು ಅಂಕಣ.

ಮೊದಲ ವಾರದ ಲೆಕ್ಕ ನೋಡಿದ ಗಣಿತದ ಮಾಸ್ತರರಿಗೆ ಬೇಸರವಾಯಿತು. ಹೆಚ್ಚು ಓಡಿದರೆ ಹೆಚ್ಚು ಸೋರಬೇಕು, ಇಲ್ಲಿ ಹಾಗಿರಲಿಲ್ಲ. ಘಟ್ಟ ಇಳಿದು ಹತ್ತಿ, 120 ಕಿಲೋಮೀಟರಿಗೂ ಮೇಲೆ ಓಡಿದ ಶನಿವಾರ ಕಡಿಮೆಯಾದದ್ದು 50 ಮಿಲಿಲೀಟರ್. ಶಾಲೆ, ಪೇಟೆ, ಬ್ಯಾಂಕು, ಮತ್ತೆ ಪೇಟೆ ಎಂದು ಊರೊಳಗೇ ಒಂಬತ್ತು ಕಿಲೋಮೀಟರ್ ಸುತ್ತಿದ ಮಂಗಳವಾರ 150. ಬಾಟಲಿಯ ಅಂಕಣದಲ್ಲಿ ಮಾತ್ರ ಏಳೂ ದಿನ ಒಂದೇ ಮಾತು: ತುಂಬಿದೆ.

"ಕಿಲೋಮೀಟರಿಗೂ ಇದಕ್ಕೂ ಸಂಬಂಧವೇ ಇಲ್ಲ" ಎಂದರು ಮಾಸ್ತರರು.

ಮಗಳು ಇನ್ನೊಂದು ಅಂಕಣ ಎಳೆದಳು. ತಣ್ಣಗಿದ್ದ ಎಂಜಿನ್ನನ್ನು ಆ ದಿನ ಎಷ್ಟು ಸಲ ಸ್ಟಾರ್ಟ್ ಮಾಡಿದ್ದು? ಶನಿವಾರ ಎರಡು ಸಲ. ಒಂದು ಶಿರಸಿಯಲ್ಲಿ, ಒಂದು ಕುಮಟೆಯ ಸೆಕೆಯಲ್ಲಿ. ಮಂಗಳವಾರ ನಾಲ್ಕು ಸಲ. ಒಂದೇ ಸಲ ತೆಗೆದ ದಿನ 40 ಮಿಲಿಲೀಟರ್, ಎರಡು ಸಲಕ್ಕೆ 80ರ ಆಸುಪಾಸು, ಚಳಿ ಜಾಸ್ತಿಯಿದ್ದ ದಿನ ಇನ್ನೂ ತುಸು ಮೇಲೆ. ಅಂಕಿಗಳು ಒಂದರ ಹಿಂದೆ ಒಂದು ಸಾಲಾಗಿ ನಿಂತವು. ಸೋರಿಕೆ ದೂರವನ್ನು ಲೆಕ್ಕ ಹಾಕುತ್ತಿರಲಿಲ್ಲ, ಚಳಿಯನ್ನು ಲೆಕ್ಕ ಹಾಕುತ್ತಿತ್ತು.

"ಅಪ್ಪಯ್ಯಾ, ಇದು ಬಿಸಿಯಾದಾಗ ಸೋರುವುದಲ್ಲ. ತಣ್ಣಗಿದ್ದಾಗ ಸೋರುತ್ತದೆ. ಗ್ಯಾರೇಜಿಗೆ ಓಡಿಸಿಕೊಂಡು ಹೋಗುವಷ್ಟರಲ್ಲಿ ಬಿಸಿಯಾಗಿ ತಾನೇ ಮುಚ್ಚಿಕೊಳ್ಳುತ್ತದೆ. ಅದಕ್ಕೇ ಯಾರಿಗೂ ಸಿಗಲಿಲ್ಲ."

ಮಾಸ್ತರರು ನೋಟುಬುಕ್ಕನ್ನು ಎರಡು ಸಲ ನೋಡಿದರು. ಅಂದು ಸಂಜೆಯೇ ಕಾರನ್ನು ಮಿಸ್ತ್ರಿಯ ಶೆಡ್ಡಿನಲ್ಲಿ ಬಿಟ್ಟು ಬಂದರು. ಮರುದಿನ, 2024ರ ಜನವರಿಯ ಒಂದು ಬೆಳಗ್ಗೆ ಆರೂವರೆಗೆ, ಮಂಜು ಇನ್ನೂ ಬಿಟ್ಟಿರದ ಹೊತ್ತಿನಲ್ಲಿ, ತಂದೆ ಮಗಳು ಇಬ್ಬರೂ ಅಲ್ಲಿದ್ದರು. ಕೈಪಂಪು ಕೂರಿಸಿ ಒತ್ತಡ ಕೊಟ್ಟಾಗ ಮುಳ್ಳು ಮೆಲ್ಲನೆ, ಆದರೆ ನಿಲ್ಲದೆ ಇಳಿಯಿತು. ಎಲ್ಲೋ ಹಿಂದೆ, ಎಂಜಿನ್ನಿಗೂ ಕ್ಯಾಬಿನ್ನಿನ ಗೋಡೆಗೂ ನಡುವೆ, ತೊಟ್ಟಿಕ್ಕುವ ಸದ್ದು. ಮಿಸ್ತ್ರಿ ಕನ್ನಡಿಯನ್ನು ಕಡ್ಡಿಗೆ ಕಟ್ಟಿ ಒಳಗೆ ಇಳಿಸಿದರು. ಹೀಟರಿನ ಕಡೆಗೆ ಹೋಗುವ ಸಣ್ಣ ಹೋಸ್ ಪೈಪು, ಎಂಜಿನ್ನಿನ ಲೋಹದ ಮೂತಿಗೆ ಸೇರುವಲ್ಲಿ, ಕ್ಲಿಪ್ಪಿನ ಅಡಿಯಿಂದ ಮುತ್ತಿನಂಥ ಹನಿ ಕೂಡಿಕೊಳ್ಳುತ್ತಿತ್ತು. ಸುತ್ತ ಒಣಗಿದ ಹಸಿರು ಪೊರೆ. ಹಿಂದೆ ಎಂದೋ ಹಾಕಿದ್ದ ಕೂಲೆಂಟಿನ ಬಣ್ಣ. ಹನಿ ಕೆಳಗಿನ ಲೋಹದ ಮೇಲೆ ಬಿದ್ದು ಹರಡುತ್ತಿತ್ತು. ಎಂಜಿನ್ ಬಿಸಿಯಾದೊಡನೆ ಆರಿಹೋಗುತ್ತಿತ್ತು. ನೆಲ ಮುಟ್ಟುತ್ತಲೇ ಇರಲಿಲ್ಲ.

"ಯಾಕೆ ಹೀಗೆ ಹೇಳು ನೋಡೋಣ ತಂಗಿ" ಎಂದರು ಮಿಸ್ತ್ರಿ, ಪರೀಕ್ಷೆ ಮಾಡುವವರಂತೆ ಅಲ್ಲ, ಜೊತೆಗೆ ಯೋಚಿಸುವವರಂತೆ.

ಹುಡುಗಿ ಹೇಳಿದಳು. ರಬ್ಬರು ಲೋಹಕ್ಕಿಂತ ಹೆಚ್ಚು ಹಿಗ್ಗುತ್ತದೆ, ಹೆಚ್ಚು ಕುಗ್ಗುತ್ತದೆ. ಹೊಸದಾಗಿದ್ದರೆ ಕುಗ್ಗಿದರೂ ಮೆತ್ತಗೆ ಒತ್ತಿಕೊಂಡಿರುತ್ತದೆ. ಹಳೆಯದಾಗಿ ಗಟ್ಟಿಯಾದರೆ ಆ ಒತ್ತು ಹೋಗುತ್ತದೆ. ಚಳಿಯಲ್ಲಿ ಕುಗ್ಗಿದಾಗ ಸಂದಿ ಬಿಡುತ್ತದೆ. ಬೆಳಗ್ಗೆ ಥರ್ಮೋಸ್ಟಾಟ್ ಮುಚ್ಚಿರುವುದರಿಂದ ಪಂಪು ತಳ್ಳಿದ ನೀರಿಗೆ ರೇಡಿಯೇಟರಿನ ದಾರಿ ಇಲ್ಲ, ಈ ಸಣ್ಣ ಪೈಪಿನ ಕಡೆಗೆ ನುಗ್ಗುತ್ತದೆ, ಸೋರುತ್ತದೆ. ಬಿಸಿಯಾದರೆ ರಬ್ಬರು ಹಿಗ್ಗಿ ಮುಚ್ಚಿಕೊಳ್ಳುತ್ತದೆ. ರಾತ್ರಿ ತಣಿಯುವಾಗ ಒಳಗೆ ಸೆಳೆತ ಹುಟ್ಟುತ್ತದಲ್ಲ, ಆಗ ಬಾಟಲಿಯಿಂದ ನೀರು ಬರಬೇಕು. ಆದರೆ ಈ ಸಂದಿಯಿಂದ ಗಾಳಿ ಬರುವುದು ಅದಕ್ಕಿಂತ ಸುಲಭ. ಆದ್ದರಿಂದ ಬಾಟಲಿ ತುಂಬಿಯೇ ಇತ್ತು, ರೇಡಿಯೇಟರ್ ಬರಿದಾಗುತ್ತ ಹೋಯಿತು.

ಮಿಸ್ತ್ರಿಯ ಹುಡುಗನೂ ಕೆಲಸ ಬಿಟ್ಟು ಕೇಳುತ್ತ ನಿಂತಿದ್ದ.

ಪೈಪು ಬಿಚ್ಚಿದಾಗ ಇನ್ನೂ ಒಂದು ಕಾರಣ ಹೊರಬಂತು. ಲೋಹದ ಮೂತಿ ತುಕ್ಕಿನಿಂದ ಸಿಡುಬಿನ ಮುಖದಂತೆ ಗುಳಿಬಿದ್ದಿತ್ತು. ಬಾವಿಯ ನೀರು, ನಲ್ಲಿಯ ನೀರು, ಸಿಕ್ಕಿದ ನೀರು ಹಾಕುತ್ತ ಬಂದ ವರ್ಷಗಳ ಫಲ ಅದು. ಕೂಲೆಂಟ್ ಎಂದರೆ ಬರಿಯ ಬಣ್ಣದ ನೀರಲ್ಲ. ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ಕುದಿಬಿಂದುವನ್ನು ಏರಿಸುತ್ತದೆ. ಶುದ್ಧ ನೀರಿನೊಡನೆ ಸಮಪಾಲು ಬೆರೆಸಿದರೆ ತೆರೆದ ಪಾತ್ರೆಯಲ್ಲೂ 107 ಡಿಗ್ರಿಯ ಹತ್ತಿರದವರೆಗೆ ಕುದಿಯದು. ಜೊತೆಗೆ ಸೇರಿಸಿದ ರಾಸಾಯನಿಕಗಳು ತುಕ್ಕನ್ನು ತಡೆಯುತ್ತವೆ. ಅವುಗಳ ಶಕ್ತಿ ಕೆಲವು ವರ್ಷಗಳಲ್ಲಿ ಕುಂದುವುದರಿಂದಲೇ ಕೂಲೆಂಟನ್ನು ಕಾಲಕಾಲಕ್ಕೆ ಬದಲಿಸಬೇಕು. ಅದು ವಿಷ ಎಂಬುದನ್ನೂ ಮರೆಯಬಾರದು. ರುಚಿ ಸಿಹಿಯಾಗಿರುವುದರಿಂದ ನಾಯಿಗಳು ನೆಕ್ಕಿ ಸಾಯುವುದುಂಟು. ಮಕ್ಕಳ ಕೈಗೆ ಸಿಗುವಂತೆ ಡಬ್ಬಿ ಇಡಬಾರದು, ಚೆಲ್ಲಿದ್ದನ್ನು ಹಾಗೇ ಬಿಡಬಾರದು.

ಮಿಸ್ತ್ರಿ ಮೂತಿಯನ್ನು ಉಜ್ಜಿ ನಯಮಾಡಿ, ಹೊಸ ಪೈಪಿನ ತುಂಡು, ಹೊಸ ಕ್ಲಿಪ್ಪು ಹಾಕಿದರು. ಐದು ವಾರ ಸುರಿದ ಪುಡಿಯೆಲ್ಲ ಹೋಗಲೆಂದು ರೇಡಿಯೇಟರನ್ನು ತಿರುಗಾಮುರುಗಾ ನೀರು ಬಿಟ್ಟು ತೊಳೆದರು. ಕೆಂಪು ಮಣ್ಣಿನಂಥ ನೀರು ಬಹಳ ಹೊತ್ತು ಬಂತು. ಕೂಲೆಂಟ್ ತುಂಬಿಸಿ, ಒಳಗೆ ಸಿಕ್ಕ ಗಾಳಿ ಹೋಗುವಂತೆ ಕ್ಯಾಪ್ ತೆಗೆದಿಟ್ಟು ಎಂಜಿನ್ ಓಡಿಸಿದರು. ಸೋರಿಕೆಗೆಂದು ಕೊಂಡ ಹೊಸ ಸಾಮಾನಿನಲ್ಲಿ ಎಲ್ಲಕ್ಕಿಂತ ಅಗ್ಗವಾದದ್ದು ಕೊನೆಯಲ್ಲಿ ಕೆಲಸಕ್ಕೆ ಬಂದ ಈ ಗೇಣುದ್ದದ ಪೈಪು. ಆದರೆ ಮೊದಲ ದಿನವೇ ಯಾರಾದರೂ ಅದನ್ನು ಬದಲಿಸಿದ್ದರೆ ಅದು ಅದೃಷ್ಟವಾಗುತ್ತಿತ್ತು, ಉತ್ತರವಾಗುತ್ತಿರಲಿಲ್ಲ.

ಮನೆಗೆ ಬರುವ ದಾರಿಯಲ್ಲಿ ಮಾಸ್ತರರು ಕೇಳಿದರು: "ಉಷ್ಣದಿಂದ ಹಿಗ್ಗುವುದು, ಕುಗ್ಗುವುದು, ಇದೆಲ್ಲ ನಿನ್ನ ಪಾಠದಲ್ಲಿ ಇದೆಯಲ್ಲ? ಕಳೆದ ವಾರದ ಕಿರುಪರೀಕ್ಷೆಯಲ್ಲಿ ಬಂದಿರಲಿಲ್ಲವೇ?"

"ಬಂದಿತ್ತು" ಎಂದಳು ಮಗಳು. ಸ್ವಲ್ಪ ಹೊತ್ತು ಕಿಟಕಿಯ ಹೊರಗೆ ನೋಡಿದಳು. "ಪ್ರಶ್ನೆ ಅದೇ ಎಂದು ಗೊತ್ತಾಗಲಿಲ್ಲ."

ಅಂದು ರಾತ್ರಿ ಮಾಸ್ತರರು ನವೆಂಬರಿನಿಂದ ಬಂದ ಉತ್ತರ ಪತ್ರಿಕೆಗಳನ್ನೆಲ್ಲ ಮೇಜಿನ ಮೇಲೆ ಹರಡಿಕೊಂಡು ಕೂತರು. ಇದುವರೆಗೆ ಅವರು ನೋಡಿದ್ದು ಮೊದಲ ಪುಟದ ಮೂಲೆಯ ಅಂಕ ಮಾತ್ರ. ಈಗ ಪುಟ ಮಗುಚಿದರು. ಸೂತ್ರ ಹಾಕಿ ಲೆಕ್ಕ ಮಾಡುವ ಕಡೆ ಹೆಚ್ಚಿನದೆಲ್ಲ ಸರಿಯಾಗಿತ್ತು. ಇಂಗ್ಲಿಷಿನಲ್ಲಿ ನಾಲ್ಕಾರು ಸಾಲಿನ ಪ್ರಶ್ನೆ ಇದ್ದ ಕಡೆ ಖಾಲಿ, ಇಲ್ಲವೇ ಅರ್ಧಕ್ಕೆ ಬಿಟ್ಟ ವಾಕ್ಯ. ಪತ್ರಿಕೆ ಯಾವುದೇ ಇರಲಿ, ಖಾಲಿ ಬಿಟ್ಟದ್ದು ಅಂಥ ಕಡೆಯಲ್ಲೇ. ಒತ್ತಡ, ಸಂಕೋಚನ, ಕುದಿಬಿಂದು ಎಂದರೆ ಆ ಹುಡುಗಿಯ ಕಣ್ಣ ಮುಂದೆ ವಸ್ತು ನಿಲ್ಲುತ್ತಿತ್ತು. ಅವೇ ಇಂಗ್ಲಿಷಿನಲ್ಲಿ ಬಂದಾಗ ಅಕ್ಷರ ಮಾತ್ರ ನಿಲ್ಲುತ್ತಿತ್ತು. ಹತ್ತು ವರ್ಷ ಕನ್ನಡದಲ್ಲಿ ಕಟ್ಟಿಕೊಂಡ ತಿಳಿವಳಿಕೆ ಎಲ್ಲಿಯೂ ಹೋಗಿರಲಿಲ್ಲ. ಒಂದು ಭಾಷೆಯಿಂದ ಇನ್ನೊಂದಕ್ಕೆ ಸೇರುವ ಮೂತಿಯಲ್ಲಿ ಸೋರುತ್ತಿತ್ತು.

ಎರಡು ಟ್ಯೂಷನ್‌ಗಳಲ್ಲಿ ನಡೆಯುತ್ತಿದ್ದದ್ದು ಅದೇ ಪಾಠ, ಅದೇ ಇಂಗ್ಲಿಷಿನಲ್ಲಿ, ಇನ್ನಷ್ಟು ವೇಗವಾಗಿ.

ಸಂಜೆಯ ಟ್ಯೂಷನ್ ನಿಂತಿತು. ಮೊಬೈಲಿನ ಪಾಠಕ್ಕೆ ಹಣ ಕಟ್ಟಲಿಲ್ಲ. ಕಾರಿನ ಲೆಕ್ಕದ ನೋಟುಬುಕ್ಕನ್ನೇ ಮಗಳು ತಲೆಕೆಳಗು ಮಾಡಿ ಇನ್ನೊಂದು ತುದಿಯಿಂದ ಬರೆಯತೊಡಗಿದಳು. ಎಡಕ್ಕೆ ಇಂಗ್ಲಿಷ್ ಪದ, ಬಲಕ್ಕೆ ಕನ್ನಡದ್ದು, ಕೆಳಗೆ ಆ ಪದ ಬರುವ ಒಂದು ಪ್ರಶ್ನೆಯನ್ನು ತನ್ನದೇ ಮಾತಿನಲ್ಲಿ. ಊಟವಾದ ಮೇಲೆ ಅರ್ಧ ಗಂಟೆ ತಂದೆ ಇಂಗ್ಲಿಷಿನ ಪ್ರಶ್ನೆ ಓದುವುದು, ಇದು ಏನು ಕೇಳುತ್ತಿದೆ ಎಂದು ಮಗಳು ಕನ್ನಡದಲ್ಲಿ ಹೇಳುವುದು. ಉತ್ತರ ಬೇಕಿರಲಿಲ್ಲ, ಪ್ರಶ್ನೆ ತಿಳಿದರೆ ಸಾಕಿತ್ತು. ಹತ್ತು ಗಂಟೆಗೆ ದೀಪ ಆರುತ್ತಿತ್ತು.

ವಾರ್ಷಿಕ ಪರೀಕ್ಷೆಯಲ್ಲಿ 96 ಏನೂ ಮರಳಿ ಬರಲಿಲ್ಲ. ಅಷ್ಟು ಬೇಗ ಬರುವಂಥದೂ ಅಲ್ಲ ಅದು. ಅಂಕ ನೆಮ್ಮದಿಯ ಮಟ್ಟಕ್ಕೆ ಏರಿತು, ಖಾಲಿ ಬಿಟ್ಟ ಪ್ರಶ್ನೆ ಒಂದೂ ಇರಲಿಲ್ಲ. ಮನೆಯಲ್ಲಿ ಮಾತು ಮರಳಿ ಬಂತು. ಆಯಿಗೆ ಅಂಕಕ್ಕಿಂತ ಸಂತೋಷವಾದದ್ದು ಅದೇ.

ಕಾರು 2024ರ ತಪಾಸಣೆಯಲ್ಲಿ ಪಾಸಾಗಿ ಇನ್ನೈದು ವರ್ಷದ ಕಾಗದ ಪಡೆಯಿತು. ಅಜ್ಜಿ ಈಗ ಶಿರಸಿಯಲ್ಲೇ ಇದ್ದಾರೆ. ತಿಂಗಳಿಗೊಮ್ಮೆ ಹಳ್ಳಿಯ ಮನೆ ನೋಡಿ ಬರಬೇಕೆಂದು ಹಟ ಹಿಡಿಯುತ್ತಾರೆ. ಹೊರಡುವ ದಿನ ಬೆಳಗ್ಗೆ, ಎಂಜಿನ್ ತಣ್ಣಗಿರುವಾಗಲೇ, ಯಾರಾದರೊಬ್ಬರು ಬಾನೆಟ್ ಎತ್ತುತ್ತಾರೆ. ಬಾಟಲಿಯ ಗೆರೆ ನೋಡುತ್ತಾರೆ. ಅಷ್ಟಕ್ಕೆ ಬಿಡದೆ, ಕ್ಯಾಪ್ ತೆಗೆದು ಒಳಗೂ ನೋಡುತ್ತಾರೆ.